ನೀಲಿ ಕುರಿಗಳ ಬಾಬತ್ತು, ಎರ್ಲೆಂಡ್ ದೊಡ್ಡಪ್ಪನಿಗೆ

ಶ್ರೀಮನ್ಮಹಾ ಸಮುದ್ರತಲ ಸಿಂಹಾಸನಾಧೀಶ್ವರರೂ, ಓರ್ಕ್ನಿಯ ಅಷ್ಟದಿಕ್ಕಿನ ಗಾಳಿಗೂ ಟೋಪಿ ತೆಗೆಯದ ಧೀರರೂ, ಹೆಸ್ಟ್ ನಡುಗಡ್ಡೆಯ ಸಮಸ್ತ ಕುರಿ, ಕಡಲಹಕ್ಕಿ ಮತ್ತು ಸೀಲ್‌ಗಳ ಸಾರ್ವಭೌಮರೂ, ಗೊರಸುಕೊಳೆ ರೋಗದ ಕುಲವೈರಿಗಳೂ, ಒಂದು ಜೊತೆ ಹುಟ್ಟಿನ ದೋಣಿಯ ಮಹಾನೌಕಾಧಿಪತಿಗಳೂ, ನನ್ನ ಅಪ್ಪನ ಒಡಹುಟ್ಟಿದ ಅಣ್ಣನೂ ಆದ ಎರ್ಲೆಂಡ್ ದೊಡ್ಡಪ್ಪನವರ ಒದ್ದೆ ಪಾದಗಳಿಗೆ,

ತಮ್ಮ ಸಹೋದರ ಟಾಮೊ ಅವರ ಏಕೈಕ ಪುತ್ರಿ ತೋರಾ ಎಂಬ ಅಲ್ಪಳು, ಕೊಟ್ಟಿಗೆಯ ಮೇವಿನ ಮೂಟೆಯ ಮೇಲೆ ಕುಳಿತು, ಪಕ್ಕದಲ್ಲಿ ಮೂಗು ಸೋರುತ್ತ ನಿಂತಿರುವ ಕರುವಿನ ಸಾಕ್ಷಿಯಾಗಿ ಮಾಡಿಕೊಳ್ಳುವ ವಿಜ್ಞಾಪನೆ.

ತಾವು ತಾವು ಎಂದು ಇಡೀ ಕಾಗದ ಬರೆಯುವುದು ಕಷ್ಟ. ನೀನು ಮುಳುಗಿದಾಗ ನಿನಗೆ ಇಪ್ಪತ್ತನಾಲ್ಕು. ನನಗೀಗ ಇಪ್ಪತ್ತೆರಡು. ಇನ್ನೆರಡು ವರ್ಷಕ್ಕೆ ನಾನು ನಿನ್ನ ವಾರಿಗೆಯವಳು, ಆಮೇಲೆ ನಿನಗಿಂತ ದೊಡ್ಡವಳು. ಆದ್ದರಿಂದ ಈಗಿನಿಂದಲೇ ನೀನು ಎನ್ನುತ್ತೇನೆ. ವಿಷಯ ಇಷ್ಟೇ: ನೀನು ನನ್ನ ಅಪ್ಪನನ್ನು ಕರೆಯುವುದನ್ನು ನಿಲ್ಲಿಸಬೇಕು. ಇದನ್ನು ಬೇಡಿಕೆ ಎಂದುಕೊಂಡರೆ ಬೇಡಿಕೆ, ನೋಟಿಸು ಎಂದುಕೊಂಡರೆ ನೋಟಿಸು.

ನೀನು ನನ್ನನ್ನು ನೋಡಿಲ್ಲ, ಅದಕ್ಕೇ ಸ್ವಲ್ಪ ಪರಿಚಯ. ನಮ್ಮ ದ್ವೀಪದಲ್ಲಿ ಏನಾದರೂ ವಿಚಿತ್ರ ನಡೆದರೆ ಜನ ಮೊದಲು ಆಕಾಶ ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ. ದನಗಳ ಪ್ರದರ್ಶನದ ದಿನ ನಮ್ಮ ಗೂಳಿಗೆ ಪಾದ್ರಿಗಳ ಬಿಳಿ ಕೊರಳಪಟ್ಟಿ ಕಟ್ಟಿದವಳು ನಾನು. ಟಗರುಗಳಿಗೆ ವಾರಕ್ಕೊಂದು ದಿನ ಕಡ್ಡಾಯ ರಜೆ ಕೊಡತಕ್ಕದ್ದು ಎಂದು ಸರ್ಕಾರದ ಧಾಟಿಯಲ್ಲಿ ಬರೆದು ಅಂಗಡಿಯ ಬಾಗಿಲಿಗೆ ಅಂಟಿಸಿದವಳೂ ನಾನೇ. ಇಬ್ಬರು ಅದನ್ನು ಶ್ರದ್ಧೆಯಿಂದ ಪಾಲಿಸಿದರು. ಪಕ್ಕದ ಮನೆಯ ಬೆಲ್ಲಾ ಅಜ್ಜಿಗೆ ನಾನೆಂದರೆ ಪ್ರಾಣ, ಆದರೆ ನಾನು ಬಂದು ಹೋದ ಮೇಲೆ ಸಕ್ಕರೆ ಡಬ್ಬಿಯಲ್ಲಿ ಇರುವುದು ಸಕ್ಕರೆಯೇ ಎಂದು ನೆಕ್ಕಿ ನೋಡುತ್ತಾಳೆ. ಈ ಕೀರ್ತಿ ಈ ಕಥೆಯಲ್ಲಿ ಉಪಯೋಗಕ್ಕೆ ಬಂತು, ಅದಕ್ಕೇ ಹೇಳಿದೆ.

ಮನೆಯ ಕಡೆ ಎಲ್ಲ ಕ್ಷೇಮ. ಅಮ್ಮ ಪಟ್ಟಣದಲ್ಲಿ ನರ್ಸು, ಹಡಗು ಬಿಟ್ಟಾಗ ಬಂದು ನಮ್ಮನ್ನೂ ಅಡುಗೆಮನೆಯನ್ನೂ ತೊಳೆದು ಹೋಗುತ್ತಾಳೆ. ಅಕ್ಟೋಬರಿನ ಮಳೆ ಹೊಲವನ್ನು ಕೆಸರು ಮಾಡುವ ಮೊದಲೇ ದನಗಳನ್ನು ಒಳಗೆ ಹಾಕಿದೆವು. ಯಕೃತ್ತು ತಿನ್ನುವ ಹುಳಕ್ಕೆ ಬಾಯಿಗೆ ಮದ್ದು, ಹೇನಿಗೆ ಬೆನ್ನಿನ ಮೇಲೆ ಮದ್ದು, ತಾಯಿ ಬಿಡಿಸಿದ ಕರುಗಳಿಗೆ ಕೆಮ್ಮಿನ ಲಸಿಕೆ. ಗೂಳಿ ಬೇಸಿಗೆಯಲ್ಲೇ ತನ್ನ ಧರ್ಮ ನೆರವೇರಿಸಿದ್ದರಿಂದ ಹಸುಗಳೆಲ್ಲ ಗಬ್ಬ. ಬಡಕಲಾದವಕ್ಕೆ ರಸಮೇವು, ಕೊಬ್ಬಿದವಕ್ಕೆ ಬರೀ ಒಣಹುಲ್ಲು. ಕೊಬ್ಬಿದ ಹಸು ಕರು ಹಾಕುವಾಗ ಕರುವನ್ನು ಎಳೆಯಲು ಹಗ್ಗ ಕೇಳುತ್ತದೆ ಎನ್ನುತ್ತಾನೆ ಅಪ್ಪ. ಅದನ್ನು ಅವನಿಗೆ ಹೇಳಿಕೊಟ್ಟವನು ನೀನಂತೆ. ಅವನಿಗೆ ಎಲ್ಲ ಹೇಳಿಕೊಟ್ಟವನು ನೀನೇ. ಅದೇ ತೊಂದರೆ.

ನವೆಂಬರಿನಲ್ಲಿ ಕುರಿಗಳ ಪಾಳಿ. ಒಂದೊಂದರ ಬೆನ್ನಿನ ಮೇಲೂ ಬೆರಳಾಡಿಸಿ, ಮೂಳೆ ಚುಚ್ಚುವವನ್ನು ಒಳ್ಳೆಯ ಹುಲ್ಲಿಗೆ ಬಿಟ್ಟು, ಗೊರಸು ಕತ್ತರಿಸಿ, ಹಲ್ಲು ಹೋದ ಮುದುಕಿಯರನ್ನು ಮಾರಿ, ಉಳಿದವನ್ನು ಹೆಸ್ಟ್‌ಗೆ ದಾಟಿಸಿದೆವು. ಈ ಸಲದ ಟಗರು ಹೊಸದು. ಮೆಲ್ಲಗೆ ನಡೆಯುತ್ತಿತ್ತು, ಎಲ್ಲರ ತಲೆಯ ಮೇಲಿಂದ ದೂರ ನೋಡುತ್ತಿತ್ತು. ಅದಕ್ಕೆ ಮಹಾಗುರು ಎಂದು ಹೆಸರಿಟ್ಟೆ. ಹಲ್ಲು, ಗೊರಸು, ಬೀಜ ಮೂರನ್ನೂ ಅಪ್ಪ ಹಿಡಿದು ನೋಡಿ ತಲೆದೂಗಿದ.

ಟಗರಿನ ಎದೆಗೆ ಬಣ್ಣ ಕಟ್ಟುವುದನ್ನು ನಿನಗೆ ಕಲಿಸಬೇಕಾಗಿಲ್ಲ. ಅದು ಏರಿದ ಕುರಿಯ ಸೊಂಟಕ್ಕೆ ಬಣ್ಣ ಹತ್ತುತ್ತದೆ. ಎರಡೂವರೆ ವಾರದ ಮೇಲೆ ಬೇರೆ ಬಣ್ಣ ಕಟ್ಟಿದರೆ ಯಾವುದು ಮತ್ತೆ ಬೆದೆಗೆ ಬಂತು, ಯಾವುದು ಗಬ್ಬ ನಿಂತಿತು ಎಂದು ದೂರದಿಂದಲೇ ಗೊತ್ತಾಗುತ್ತದೆ. ನೀನು ನೀಲಿ ಪುಡಿಯನ್ನು ಕರುಗಳಿಗೆ ಕುಡಿಸುವ ಮೀನೆಣ್ಣೆಯಲ್ಲಿ ಕಲಸಿ ಕೈಯಿಂದ ಮೆತ್ತುತ್ತಿದ್ದೆಯಂತೆ. ಈಗ ಹಾಗಲ್ಲ, ಎದೆಗೊಂದು ಪಟ್ಟಿ, ಪಟ್ಟಿಗೊಂದು ಮೇಣದ ಬಿಲ್ಲೆ. ಮೊದಲು ಹಳದಿ, ಆಮೇಲೆ ಕೆಂಪು, ಕೊನೆಗೆ ಹಸಿರು. ನಮ್ಮ ಮನೆಯಲ್ಲಿ ನೀಲಿ ಇಲ್ಲ. ನೀನು ಹೋದ ಮೇಲೆ ತಂದೇ ಇಲ್ಲ. ದ್ವೀಪದ ಬೇರೆಯವರೂ ತರುವುದಿಲ್ಲ. ಯಾರೂ ಬೇಡ ಅಂದಿಲ್ಲ, ಆದರೂ ತರುವುದಿಲ್ಲ.

ನಿನ್ನ ಕಥೆಯನ್ನು ನಿನಗೇ ಹೇಳುವುದು ಅಧಿಕಪ್ರಸಂಗ. ಆದರೆ ನಮ್ಮ ಕಡೆಯಿಂದ ಅದು ಹೇಗೆ ಕಾಣುತ್ತದೆ ಎಂದು ನಿನಗೆ ಗೊತ್ತಿರಲಿಕ್ಕಿಲ್ಲ. ಟಗರು ಕೂತ ದೋಣಿಗೆ ಇಬ್ಬರು ಬೇಕು, ಒಬ್ಬ ಹುಟ್ಟು ಹಾಕಲು, ಒಬ್ಬ ಕೊಂಬು ಹಿಡಿಯಲು. ನೆಲ ಕಂಡ ಟಗರು ಎದ್ದು ನಿಲ್ಲುತ್ತದೆ, ಅದು ನಿಂತರೆ ದೋಣಿ ನಿಲ್ಲುವುದಿಲ್ಲ. ಆ ದಿನ ಕೊಂಬು ಹಿಡಿಯಬೇಕಾಗಿದ್ದ ಅಪ್ಪ ಹಿಂದಿನ ದಿನ ಆಚೆ ದ್ವೀಪಕ್ಕೆ ಮದುವೆ ಕುಣಿತಕ್ಕೆ ಹೋದವನು ಬೆಳಗಿನ ಉಬ್ಬರಕ್ಕೆ ಬರಲಿಲ್ಲ. ನೀನು ಕಾಯಲಿಲ್ಲ. ದೋಣಿ ಬೋರಲಾಗಿ ಸಿಕ್ಕಿತು. ನೀನು ಸಿಗಲಿಲ್ಲ. ಟಗರು ಮಾತ್ರ ಈಜಿ ನಡುಗಡ್ಡೆ ಸೇರಿ, ಏನೂ ಆಗಿಲ್ಲವೆಂಬಂತೆ ತನ್ನ ಕೆಲಸ ಮುಗಿಸಿತು. ಕುರಿಗಳೆಲ್ಲ ನೀಲಿ. ವಸಂತದಲ್ಲಿ ಆ ಮರಿಗಳನ್ನು ಒಂದೊಂದಾಗಿ ಒರೆಸಿ, ಮೊಲೆಗೆ ಹಚ್ಚಿ, ಹೊಕ್ಕುಳಿಗೆ ಮದ್ದು ಮುಟ್ಟಿಸಿದವನು ಹತ್ತೊಂಬತ್ತರ ಹುಡುಗ, ನನ್ನ ಅಪ್ಪ. ಅಂದಿನಿಂದ ಪ್ರತಿ ನವೆಂಬರಿಗೂ ಕೊಂಬು ಹಿಡಿಯುವವನು ಅವನೇ. ಈ ದಡ ಬಿಟ್ಟು ಆ ದಡ ಮುಟ್ಟುವವರೆಗೆ ಒಂದು ಮಾತಾಡುವುದಿಲ್ಲ. ಈ ಸಲ ಹುಟ್ಟು ಹಾಕಿದವಳು ನಾನು. ಮಹಾಗುರುಗಳ ಎದೆಗೆ ಹಳದಿ. ದಡದ ಮೇಲೆ ಇಳಿದು, ಹೆಣ್ಣುಕುರಿಗಳನ್ನು ಒಮ್ಮೆ ಗಂಭೀರವಾಗಿ ನೋಡಿ, ಗುರುಗಳು ಒಳಗೆ ನಡೆದರು.

ಆಮೇಲೆ ಗಾಳಿ ಶುರುವಾಯಿತು. ಕೆಂಪು ಬಿಲ್ಲೆ ಕಟ್ಟುವ ದಿನ ಬಂತು, ಹೋಯಿತು. ಕಡಲು ಬಿಳಿಯಾಗಿ ಕುದಿಯುತ್ತಿತ್ತು. ಬಾರ್ಲಿ ರೊಟ್ಟಿ, ಉಪ್ಪು ಮಾಂಸ ತಿನ್ನುತ್ತ ಕಿಟಕಿಯಲ್ಲಿ ಕೂತೆವು.

ಕೊನೆಗೂ ದಾಟಿದಾಗ ಮೊದಲು ಕಂಡದ್ದು ಕುರಿಗಳು. ನಿನ್ನ ಕುರಿಗಳು ನಿನಗೆ ಗೊತ್ತಲ್ಲ: ಮನುಷ್ಯರ ದೋಣಿ ಕಂಡರೆ ನಡುಗಡ್ಡೆಯ ಆ ತುದಿಗೆ ಓಡುವ ಜಾತಿ. ಅವತ್ತು ಅಷ್ಟೂ ದಡದ ಕಲ್ಲುಗೋಡೆಯ ಹತ್ತಿರ ಸಾಲಾಗಿ ನಿಂತಿದ್ದವು. ನಮ್ಮನ್ನು ನೋಡುತ್ತಿರಲಿಲ್ಲ. ನಮ್ಮ ಹಿಂದೆ, ನೀರಿನ ಕಡೆ ನೋಡುತ್ತಿದ್ದವು. ನಾವು ನಡುವೆ ಹಾದು ಹೋದರೂ ದಾರಿ ಬಿಟ್ಟು ಮತ್ತೆ ಅಲ್ಲೇ ನಿಂತವು.

ಟಗರು ಬಂಡೆಯ ಸೀಳಿನಲ್ಲಿ ಬಿದ್ದಿತ್ತು. ಸತ್ತು ಬಹಳ ದಿನವಾಗಿತ್ತು. ಹಕ್ಕಿಗಳು ತಮ್ಮ ಪಾಲು ತೆಗೆದುಕೊಂಡಿದ್ದವು. ಎದೆಪಟ್ಟಿಯ ಹಳದಿ ಬಿಲ್ಲೆ ಮಾತ್ರ ಅಂಗಡಿಯಿಂದ ತಂದಂತೆಯೇ, ಅಂಚು ಕೂಡ ಸವೆದಿರಲಿಲ್ಲ. ಅಪ್ಪ ಅದನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿ ನಿಟ್ಟುಸಿರು ಬಿಟ್ಟ. ಒಂದನ್ನೂ ಏರುವ ಮುಂಚೆಯೇ ಸತ್ತಿದೆ, ಈ ವರ್ಷ ಮರಿ ಇಲ್ಲ ಎಂದುಕೊಂಡೆವು ಇಬ್ಬರೂ. ಆಮೇಲೆ ತಿರುಗಿ ಕುರಿಗಳನ್ನು ಹಿಂದಿನಿಂದ ನೋಡಿದೆವು.

ಎಲ್ಲದರ ಸೊಂಟದ ಮೇಲೂ ನೀಲಿ. ಹುಡುಗಾಟಕ್ಕೆ ಬಳಿದ ಹಾಗಲ್ಲ. ಟಗರು ಏರಿ ಇಳಿದಾಗ ಹೇಗೆ ಮೇಲೆ ದಟ್ಟವಾಗಿ ಕೆಳಗೆ ತೆಳ್ಳಗಾಗುತ್ತದೋ ಹಾಗೆ. ಅಪ್ಪ ಒಂದು ಕುರಿಯನ್ನು ಹಿಡಿದು ಉಣ್ಣೆಯಲ್ಲಿ ಬೆರಳಾಡಿಸಿದ. ಬೆರಳು ನೀಲಿಯಾಯಿತು. ಮೂಗಿನ ಹತ್ತಿರ ಹಿಡಿದು, ಮೀನೆಣ್ಣೆ, ಎಂದ. ಕಲ್ಲಿನ ಮೇಲೆ ಕೂತ. ಮತ್ತೆ, ಹಡಗು ಬಂತು ಎಂದು ಹೇಳುವ ಧ್ವನಿಯಲ್ಲೇ ಹೇಳಿದ:

"ಅಣ್ಣ ಬಂದಿದಾನೆ ಕಣೇ."

ವಾಪಸು ಬರುವಾಗ ನಾನು ಜೋರಾಗಿ ಹುಟ್ಟು ಹಾಕುತ್ತಿದ್ದೆ. ನಿಜ ಹೇಳಬೇಕೆಂದರೆ ತಿರುಗಿ ನೋಡದೆ ಹಾಕುತ್ತಿದ್ದೆ. ದೋಣಿಯಲ್ಲಿ ಎಂದೂ ಬಾಯಿ ತೆರೆಯದ ಅಪ್ಪ ಅವತ್ತು ತೆರೆದ. "ಮೆಲ್ಲಗೆ ಹೋಗು ಮಗಾ," ಅಂದ. "ಹಿಂದೆ ಬರೋರಿಗೆ ಕಷ್ಟ ಆಗುತ್ತೆ."

ದೊಡ್ಡಪ್ಪ, ಕುರಿಗಳ ವಿಷಯದಲ್ಲಿ ನನ್ನ ತಕರಾರಿಲ್ಲ. ತಕರಾರು ಶುರುವಾಗುವುದು ಇಲ್ಲಿಂದ.

ಚಳಿಗಾಲದಲ್ಲಿ ನಮಗೆ ಮಧ್ಯಾಹ್ನ ಮೂರಕ್ಕೇ ಸಂಜೆ. ಆ ಹೊತ್ತಿಗೆ ಅಪ್ಪ ಬೂಟು ಹಾಕಿಕೊಂಡು ದಡಕ್ಕೆ ಹೋಗತೊಡಗಿದ. ಕೇಳಿದರೆ ಸುಮ್ಮನೆ ಎನ್ನುತ್ತಿದ್ದ. ಅವನು ಹೊಸಿಲು ದಾಟುತ್ತಿದ್ದ ಹಾಗೆ ಕೊಟ್ಟಿಗೆಯಲ್ಲಿ ಅಷ್ಟೂ ದನ ಒಟ್ಟಿಗೆ ಮೆಲುಕು ನಿಲ್ಲಿಸುತ್ತಿದ್ದವು. ಜ್ವರ ನೋಡಿದೆ, ಇಲ್ಲ. ಹೊಟ್ಟೆಗೆ ಕಿವಿಯಿಟ್ಟೆ, ಒಳಗಿನ ಗುಡುಗು ಸರಿಯಾಗಿಯೇ ಇತ್ತು. ತುತ್ತನ್ನು ಬಾಯಲ್ಲೇ ಹಿಡಿದು ಕಡಲ ಕಡೆಯ ಗೋಡೆ ನೋಡುತ್ತ ನಿಲ್ಲುತ್ತಿದ್ದವು. ಮೆಲುಕಿನ ಸದ್ದಿಲ್ಲದ ಕೊಟ್ಟಿಗೆ ಹೇಗಿರುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅಪ್ಪ ಮರಳಿ ಬಂದು ಬೂಟು ಕಳಚಿದಾಗ ಮತ್ತೆ ಅಗಿಯಲು ಶುರು ಮಾಡುತ್ತಿದ್ದವು.

ಅವನು ಊಟ ಬಿಟ್ಟ. ಹಸುಗಳ ಮೈ ಮುಟ್ಟಿ ನೋಡುವುದನ್ನು ಬಿಟ್ಟ. ಮೇವು ತರಿಸಬೇಕು, ಲಸಿಕೆ ಹೇಳಿಡಬೇಕು ಎಂದು ನಾನು ಹೇಳಿದರೆ, ಆಗಲಿ ನೋಡೋಣ ಎನ್ನುತ್ತಿದ್ದ, ಬೇರೆ ಯಾರದೋ ದನದ ಮಾತು ಎನ್ನುವ ಹಾಗೆ. ದ್ವೀಪದ ಜನ ಮೊದಲು ಆಕಾಶ ನೋಡಿ, ಆಮೇಲೆ ಪದ್ಧತಿಯಂತೆ ನನ್ನನ್ನು ನೋಡಿದರು. ನಾನಲ್ಲ ಎಂದು ಎದೆ ಮುಟ್ಟಿ ಹೇಳಿದೆ. ಬೆಲ್ಲಾ ಅಜ್ಜಿ ನನ್ನನ್ನು ಒಲೆಯ ಹತ್ತಿರ ಕೂರಿಸಿದಳು. "ಏ ಹುಡುಗಿ, ನೀನೇ ಮಾಡಿದ್ದು ಅಂತ ಹೇಳಿಬಿಡೇ," ಅಂದಳು. "ಸುಳ್ಳಾದರೂ ಪರವಾಗಿಲ್ಲ. ನಾವೆಲ್ಲ ಆರಾಮಾಗಿ ಮಲಗ್ತೀವಿ." ನಕ್ಕು ಎದ್ದು ಬಂದೆ. ಆದರೆ ಆ ಮಾತು ನನ್ನ ಹಿಂದೆಯೇ ಬಂತು.

ಒಂದು ದಿನ ತಿನ್ನುತ್ತಿದ್ದವನು ಚಮಚ ಕೆಳಗಿಟ್ಟು ಅಪ್ಪ ಹೇಳಿದ: "ಅವನು ಕೂಗಲ್ಲ. ಸುಮ್ನೆ ಕಾಯ್ತಾನೆ. ಕೊಂಬು ಹಿಡಿಯೋಕೆ ಒಬ್ರು ಬೇಕಲ್ಲ."

ಹೊಸ ವರ್ಷ ಕಳೆದ ಮೇಲೆ ಗಾಳಿ ಪೂರಾ ನಿಂತ ಒಂದು ಸಂಜೆ ಬಂತು. ಕಡಲು ಎಣ್ಣೆ ಸುರಿದಂತೆ ಮಲಗಿತ್ತು. ಕೊಟ್ಟಿಗೆಯಲ್ಲಿ ಸದ್ದು ನಿಂತದ್ದನ್ನು ಕೇಳಿ ಹೊರಗೆ ಬಂದರೆ ಅಪ್ಪ ದೋಣಿಯನ್ನು ನೀರಿಗೆ ಎಳೆಯುತ್ತಿದ್ದ. ಒಬ್ಬನೇ. ದೋಣಿಗೆ ಇಬ್ಬರು ಎಂದು ಮೂವತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವನು. ಕೋಟು ಹಾಕಿರಲಿಲ್ಲ. ವಾಪಸು ಬರುವವರು ಕೋಟು ಹಾಕಿಕೊಂಡು ಹೋಗುತ್ತಾರೆ.

ನಾನು ಓಡಿದೆ. ದೋಣಿಯ ಮುಂದೆ ನೀರಿನಲ್ಲಿ ನಿಂತು ಹೇಳಿದೆ.

"ನಾನೇ ಕಣಪ್ಪಾ ಹಚ್ಚಿದ್ದು. ನೀಲಿ."

ಅವನು ನನ್ನ ಮುಖ ನೋಡಿದ. "ಅಷ್ಟೂ ಕುರೀಗಾ?"

"ಅಷ್ಟಕ್ಕೂ."

"ಆ ಗಾಳೀಲಿ?"

"ನೀನು ಅಮ್ಮನ್ನ ನೋಡೋಕೆ ಪಟ್ಟಣಕ್ಕೆ ಹೋದ ದಿನ ಸ್ವಲ್ಪ ನಿಂತಿತ್ತಲ್ಲ. ಅವತ್ತು ದಾಟಿದೆ. ಕರುಗಳ ಎಣ್ಣೇಲಿ ಕಲಸಿದೆ. ಟಗರು ಬಿದ್ದಿದ್ದು ನೋಡಲಿಲ್ಲ. ನೀನು ಇಷ್ಟು ಮನಸ್ಸಿಗೆ ಹಚ್ಚಿಕೊಳ್ತೀಯ ಅಂತ ಅನ್ಕೊಂಡಿರಲಿಲ್ಲ."

ಅವನು ನಂಬಿದನೋ ಇಲ್ಲವೋ, ನಂಬಲು ಎಷ್ಟು ಹೊತ್ತು ಬೇಕಾಯಿತು ಎಂದು ಮಾತ್ರ ನನಗೆ ಗೊತ್ತು. ನನ್ನ ಬೂಟಿನೊಳಗೆ ಕಡಲು ತುಂಬಿ ಕಾಲು ನನ್ನದಲ್ಲ ಎನಿಸುವಷ್ಟು ಹೊತ್ತು. ಕೊನೆಗೆ, "ಥೂ ನಿನ್ನ," ಎಂದ. "ನಿನ್ನ ದೊಡ್ಡಪ್ಪನೂ ಹಿಂಗೇ ಇದ್ದ. ಬಾ, ದೋಣಿ ಎಳಿ." ಮನೆಯ ಕಡೆ ಮುಂದೆ ಮುಂದೆ ನಡೆದ. ಭುಜ ಅಲುಗುತ್ತಿತ್ತು. ನಗುತ್ತಿದ್ದನೋ ಅಳುತ್ತಿದ್ದನೋ, ಹಿಂದಿನಿಂದ ಗೊತ್ತಾಗಲಿಲ್ಲ. ನಾನು ಮುಂದೆ ಹೋಗಿ ನೋಡಲಿಲ್ಲ.

ಮಾರನೆಯ ದಿನ ದ್ವೀಪಕ್ಕೆಲ್ಲ ಗೊತ್ತಾಯಿತು. ಬೆಲ್ಲಾ ಅಜ್ಜಿ ಒಂದು ಕೈಯಲ್ಲಿ ರೊಟ್ಟಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿವಿ ಹಿಂಡಿದಳು. ಅಂಗಡಿಯಲ್ಲಿ ಜನ ನಾನು ಹೋದರೆ ಮಾತು ನಿಲ್ಲಿಸುತ್ತಾರೆ. ಗೂಳಿಗೆ ಕೊರಳಪಟ್ಟಿ ಕಟ್ಟಿದ್ದು ತಮಾಷೆ. ಸತ್ತವನ ಬಣ್ಣ ಹಚ್ಚಿ ಅಪ್ಪನನ್ನು ಗೋಳು ಹೊಯ್ದುಕೊಂಡದ್ದು ತಮಾಷೆಯಲ್ಲ. ಅಮ್ಮ ಫೋನಿನಲ್ಲಿ ನನ್ನ ಹೆಸರನ್ನಷ್ಟೇ ಹೇಳಿ ಇಟ್ಟುಬಿಟ್ಟಳು. ಹೋಗಲಿ. ನಾನು ಹಚ್ಚಿಲ್ಲ ಎಂದು ಇಬ್ಬರಿಗೆ ಗೊತ್ತು. ಒಬ್ಬಳು ನಾನು.

ಫೆಬ್ರವರಿಯಲ್ಲಿ ಸ್ಕ್ಯಾನ್ ಮಾಡುವವನು ಯಂತ್ರ ಹೊತ್ತುಕೊಂಡು ಬಂದ. ಗೊಡ್ಡು ಕುರಿಗಳಿಗೆ ಸುಮ್ಮನೆ ಯಾಕೆ ಖರ್ಚು, ಹೀಗೇ ಮಾರಿಬಿಡೋಣ ಎಂದು ಅಪ್ಪ ಅಂದಿದ್ದ. ನಾನು ಹಟ ಹಿಡಿದು ಕರೆಸಿದ್ದೆ. ನಡುಗಡ್ಡೆಯ ಕಲ್ಲಿನ ದೊಡ್ಡಿಗೆ ಕುರಿಗಳನ್ನು ಕೂಡಿ ಒಂದೊಂದಾಗಿ 'ಹೊಟ್ಟೆ ತೋರಿಸಮ್ಮ' ಎಂದು ನೋಡುತ್ತ ಹೋದ. ಒಂದು. ಅವಳಿ. ಅವಳಿ. ಒಂದು. ಅವಳಿ. ಒಂದೂ ಬರಡಿಲ್ಲ. ಮುಗಿದ ಮೇಲೆ ಬೆನ್ನು ನೆಟ್ಟಗೆ ಮಾಡಿ, "ಎಲ್ಲಪ್ಪಾ ನಿಮ್ಮ ಟಗರು? ಒಂದ್ಸಲ ಕೈ ಕುಲುಕಿ ಹೋಗ್ತೀನಿ," ಅಂದ.

ಅಪ್ಪ ಬಹಳ ದಿನದ ಮೇಲೆ ನಕ್ಕ. ಮನೆಗೆ ಬಂದವನೇ, ಸತ್ತ ಟಗರಿನಿಂದ ಬಿಚ್ಚಿ ತಂದಿದ್ದ ಆ ಹಳದಿ ಬಿಲ್ಲೆಯನ್ನು ಹುಡುಕಿ ತೆಗೆದು ಉಗುರಿನಿಂದ ಗೀರಿದ. ಗೀರು ಬೀಳಲಿಲ್ಲ. ಅದು ಬೇಸಿಗೆಯ ಬಿಲ್ಲೆ. ಬಿಸಿಲಿನ ನಾಡಿನವರಿಗೆಂದು ಗಟ್ಟಿ ಮೇಣದಲ್ಲಿ ಮಾಡಿದ್ದು. ನಮ್ಮ ಚಳಿಗೆ ಅದು ಕಲ್ಲು, ಉಣ್ಣೆಗೆ ಹತ್ತುವುದೇ ಇಲ್ಲ. ಸೋವಿ ಎಂದು ತಂದವಳು ನಾನು. ಹಾಗಾದರೆ ಮಹಾಗುರುಗಳು ಅಷ್ಟೂ ಜನಕ್ಕೆ ಆಶೀರ್ವಾದ ಮಾಡಿ ಮುಗಿಸಿದ ಮೇಲೆಯೇ ಕಾಲು ಜಾರಿದ್ದು. ಗುರುತು ಮಾತ್ರ ಬೀಳಲಿಲ್ಲ. "ಚಳೀಲಿ ಬೇಸಿಗೆ ಬಿಲ್ಲೆ ಕಟ್ಟಿದಾಳೆ ನನ್ನ ಮಗಳು," ಎಂದು ಅಪ್ಪ ಸಿಕ್ಕಸಿಕ್ಕವರಿಗೆ ಹೇಳುತ್ತಾನೆ. "ಬಣ್ಣ ಬೀಳಲಿಲ್ಲ ಅಂತ ತಾನೇ ಹೋಗಿ ಬಳಿದಿದಾಳೆ." ಮರಿಗಳ ಲೆಕ್ಕ ಟಗರಿಗೆ, ನೀಲಿಯ ಲೆಕ್ಕ ನನಗೆ. ಎಲ್ಲರಿಗೂ ಸಮಾಧಾನ. ಎರಡರಲ್ಲಿ ಒಂದು ನಿಜವೂ ಇರಬಹುದು.

ಈಗ ಅವನು ಮುಂದಿನ ತಿಂಗಳ ಮಾತಾಡುತ್ತಾನೆ. ಅವಳಿ ಹೊತ್ತವನ್ನು ಬೇರೆ ಮಾಡಿ ಕಾಳು ಹಾಕಬೇಕಂತೆ. ಮರಿ ಹಾಕುವ ಮುಂಚೆ ತಾಯಿಗೆ ಲಸಿಕೆ ಕೊಟ್ಟರೆ ಅದು ಹಾಲಿನಲ್ಲೇ ಮರಿಗೆ ಇಳಿಯುತ್ತದಂತೆ. ಮೇ ತಿಂಗಳ ಎಳೆ ಹುಲ್ಲಿಗೆ ಹಸುಗಳನ್ನು ಬಿಡುವಾಗ ನಡುಕ ಬಂದು ಬೀಳದ ಹಾಗೆ ಮೆಗ್ನೀಸಿಯಂ ತಿನ್ನಿಸಬೇಕಂತೆ. ಎಲ್ಲ ನನಗೆ ಗೊತ್ತಿರುವುದೇ. ಆದರೂ ಮೊದಲ ಸಲ ಕೇಳುವವಳ ಹಾಗೆ ಕೇಳುತ್ತೇನೆ. ಡಿಸೆಂಬರಿನಲ್ಲಿ ಅವನಿಗೆ ಮುಂದಿನ ತಿಂಗಳು ಎಂಬುದೇ ಇರಲಿಲ್ಲ.

ಆದ್ದರಿಂದ ದೊಡ್ಡಪ್ಪ, ನಡುಗಡ್ಡೆ ನಿನ್ನದೇ ಇರಲಿ. ಕುರಿಗಳ ನಡುವೆ ಓಡಾಡು, ಬೇಲಿ ಹಾರು, ಸೀಲ್‌ಗಳಿಗೆ ಹಾಡು ಹೇಳಿಕೊಡು. ಹುಟ್ಟುವ ಮರಿಗಳಲ್ಲಿ ಮೊದಲನೆಯದಕ್ಕೆ ನಿನ್ನ ಹೆಸರಿಡುತ್ತೇನೆ, ಹೆಣ್ಣಾದರೂ. ಅಪ್ಪನನ್ನು ಮಾತ್ರ ಬಿಡು. ಅವನ ಮೊಣಕಾಲು ಹಾಳಾಗಿದೆ, ಕೈಗೆ ಹಿಂದಿನ ಹಿಡಿತವಿಲ್ಲ. ನಿನಗೆ ಕೊಂಬು ಹಿಡಿಯಲು ಅವನು ಸಾಲುವುದಿಲ್ಲ. ಮತ್ತೊಂದು ಮಾತು. ಆ ಕುಣಿತದಿಂದ ಅವನು ತಡವಾಗಿ ಬಂದನಲ್ಲ, ಅಲ್ಲಿ ಅವನನ್ನು ಬಿಡದೆ ಕುಣಿಸಿದವಳು ನನ್ನ ಅಮ್ಮ. ಅವನು ಹೊತ್ತಿಗೆ ಸರಿಯಾಗಿ ಬಂದಿದ್ದರೆ ನೀನಿರುತ್ತಿದ್ದೆ, ಈ ಕಾಗದ ಬರೆಯುವವಳು ಇರುತ್ತಿರಲಿಲ್ಲ. ಇದನ್ನು ಅವನು ಎಂದೂ ಬಾಯಿ ಬಿಟ್ಟು ಹೇಳಿಲ್ಲ, ಆದರೆ ಕೆಲವು ಸಲ ನನ್ನ ತಲೆ ಮುಟ್ಟಿ ಹೋಗುತ್ತಾನೆ. ಅಂದು ನೀನು ಅವನಿಗಾಗಿ ಕಾಯಲಿಲ್ಲ. ಈಗ ಕಾಯಲು ಕಲಿತಿದ್ದೀಯ. ಇನ್ನೊಂದಷ್ಟು ವರ್ಷ ಕಾಯಿ. ಎಲ್ಲರೂ ಬರುವ ಹೊತ್ತಿಗೆ ಅವನೂ ಬರುತ್ತಾನೆ, ಕೋಟು ಹಾಕಿಕೊಂಡು.

ನಿನ್ನ ಮೇಲಿನ ನೀರು ತಿಳಿಯಾಗಿರಲಿ. ನಿನ್ನ ಹಿಂಡು ಕಷ್ಟವಿಲ್ಲದೆ ಮರಿ ಹಾಕಲಿ. ನಿನಗೆ ಚಳಿಯಾಗದಿರಲಿ.

ಇಂತಿ, ಸಮಸ್ತ ಅಪವಾದಗಳ ಏಕಮಾತ್ರ ವಾರಸುದಾರಳೂ, ಬೇಸಿಗೆ ಬಿಲ್ಲೆಯ ಮಹಾಪ್ರವರ್ತಕಳೂ ಆದ
ನಿನ್ನ ತಮ್ಮನ ಮಗಳು
ತೋರಾ

ವಿ.ಸೂ.: ಒಂದು ಸಣ್ಣ ಮಾತು ಉಳಿಯಿತು. ಅಪ್ಪ ದಡಕ್ಕೆ ಹೋಗುವುದನ್ನು ಬಿಟ್ಟು ಬಹಳ ದಿನವಾಯಿತು. ಈಗ ಸಂಜೆ ಆ ಹೊತ್ತಿಗೆ ಅಲ್ಲಿ ಹೋಗಿ ನಿಲ್ಲುವವಳು ನಾನು. ನೀನು ಕರೆದೆ ಎಂದು ಹೇಳುತ್ತಿಲ್ಲ. ಸುಮ್ಮನೆ ಹೋಗುತ್ತೇನೆ.